ಕರಡು ಹೊರಬಿದ್ದ ಮೇಲಿನ ಮೂವತ್ತು ದಿನ

ಈ ಸಂಚಿಕೆಗಾಗಿ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತಿದ್ದವು. ಪಾಲಿಕೆ, ನಗರಸಭೆ, ಪಂಚಾಯಿತಿಗಳು ಹೊಸ ನಿಯಮವನ್ನೋ ಶುಲ್ಕವನ್ನೋ ತರುವ ಮುನ್ನ ‘ಸಾರ್ವಜನಿಕರಿಂದ ಆಕ್ಷೇಪಣೆ ಮತ್ತು ಸಲಹೆಗಳನ್ನು ಆಹ್ವಾನಿಸಲಾಗಿದೆ’ ಎಂದು ಪ್ರಕಟಿಸುತ್ತವೆಯಲ್ಲ, ಆ ಮಾತಿನ ಬಲ ಎಷ್ಟು ಎಂಬುದು ಓದುಗರ ಪ್ರಶ್ನೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಹಲವರು ಹೆಸರು ಹಾಕಬೇಡಿರೆಂದು ಕೋರಿರುವುದರಿಂದ ಎಲ್ಲರದೂ ಊರು ಮತ್ತು ಕಸುಬನ್ನಷ್ಟೇ ಕೊಟ್ಟಿದ್ದೇವೆ. ಉತ್ತರಿಸಿರುವವರು ಪೌರಾಡಳಿತ ಸೇವೆಯಲ್ಲಿದ್ದು ನಿವೃತ್ತರಾದವರು.

ಪ್ರಶ್ನೆ: ಅಂಗಡಿಗಳ ಕಸ ಸಂಗ್ರಹಣೆಗೆ ತಿಂಗಳ ಶುಲ್ಕ ವಿಧಿಸುವ ಉಪವಿಧಿಯ ಕರಡು ಪ್ರಕಟವಾಗಿದ್ದು, ಆಕ್ಷೇಪಣೆ ಸಲ್ಲಿಸಲು ಮೂವತ್ತು ದಿನ ಕೊಟ್ಟಿದ್ದಾರೆ. ನಮ್ಮ ವರ್ತಕರ ಸಂಘದ ಹಿರಿಯರು ‘ಅದೆಲ್ಲ ಶಾಸ್ತ್ರಕ್ಕೆ, ಅವರು ಮೊದಲೇ ತೀರ್ಮಾನ ಮಾಡಿರುತ್ತಾರೆ’ ಎನ್ನುತ್ತಾರೆ. ಬರೆದು ಪ್ರಯೋಜನವಿದೆಯೇ?
(ಕಿರಾಣಿ ವ್ಯಾಪಾರಿ, ಬಳ್ಳಾರಿ)

ಉತ್ತರ: ಪ್ರಯೋಜನವಿದೆ, ಅವಶ್ಯವಾಗಿ ಬರೆಯಿರಿ. ಯಾವ ಬಗೆಯ ಪ್ರಯೋಜನ ಎಂಬುದನ್ನು ಮೊದಲೇ ತಿಳಿದುಕೊಂಡರೆ ಬರೆಯುವುದೂ ಗಟ್ಟಿಯಾಗುತ್ತದೆ.

ವಿಧಾನಮಂಡಲ ಕಾಯ್ದೆ ಮಾಡುತ್ತದೆ, ಆ ಕಾಯ್ದೆಯ ಅಡಿಯಲ್ಲಿ ಸರ್ಕಾರ ನಿಯಮಗಳನ್ನು ರಚಿಸುತ್ತದೆ, ಇವೆರಡರ ಮಿತಿಯೊಳಗೆ ಊರಿನ ಸ್ಥಳೀಯ ಸಂಸ್ಥೆ ಉಪವಿಧಿ, ಅಂದರೆ ನಾವು ಬೈಲಾ ಎನ್ನುವುದನ್ನು, ಮಾಡಿಕೊಳ್ಳುತ್ತದೆ. ಕೊಪ್ಪಳ, ಗಂಗಾವತಿ, ಸಿಂಧನೂರಿನಂಥ ನಗರಸಭೆಗಳಿಗೆ 1964ರ ಕರ್ನಾಟಕ ಪೌರಸಭೆಗಳ ಕಾಯ್ದೆ, ಬಳ್ಳಾರಿಯ ಮಹಾನಗರ ಪಾಲಿಕೆಗೆ 1976ರ ಪೌರ ನಿಗಮಗಳ ಕಾಯ್ದೆ ಅನ್ವಯಿಸುತ್ತವೆ. ಕಸದ ಶುಲ್ಕದ ವಿಷಯದಲ್ಲಿ ಇನ್ನೊಂದು ಕೊಂಡಿಯೂ ಉಂಟು. ಕೇಂದ್ರ ಸರ್ಕಾರದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ಒಂದು ವರ್ಷದೊಳಗೆ ಉಪವಿಧಿ ಮಾಡಿಕೊಂಡು ಬಳಕೆದಾರರ ಶುಲ್ಕವನ್ನು ನಿಗದಿಪಡಿಸುವಂತೆ ಹೇಳಿದವು. ಹೀಗಾಗಿ ‘ಶುಲ್ಕವೇ ಬೇಡ’ ಎಂದು ನೀವು ವಾದಿಸಿದರೆ ಅದಕ್ಕೆ ಪಾಲಿಕೆ ಒಪ್ಪಬೇಕೆಂದರೂ ಒಪ್ಪುವುದು ಕಷ್ಟ. ಯಾರಿಗೆ ಎಷ್ಟು, ಯಾವ ಸೇವೆಗೆ, ಸೇವೆ ತಪ್ಪಿದ ದಿನ ಏನು, ಸಣ್ಣ ಅಂಗಡಿಗೂ ಕಲ್ಯಾಣ ಮಂಟಪಕ್ಕೂ ಅಂತರವೆಷ್ಟು ಎಂಬ ಪ್ರಶ್ನೆಗಳು ಮಾತ್ರ ಇನ್ನೂ ತೆರೆದಿವೆ, ಅವು ತೀರ್ಮಾನವಾಗುವುದು ಈ ಮೂವತ್ತು ದಿನಗಳಲ್ಲಿಯೇ.

ಈಗ ಕಾನೂನಿನ ಬಲದ ಮಾತು. ನಿಯಮ ಮಾಡುವ ಮುನ್ನ ಜನರನ್ನು ಕೇಳಲೇಬೇಕೆಂಬ ಹಕ್ಕು ತಾನಾಗಿ ಹುಟ್ಟುವುದಿಲ್ಲ. 1987ರ ಸೈನಮೈಡ್ ಇಂಡಿಯಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಶಾಸನರೂಪದ ಕಾರ್ಯಕ್ಕೆ, ಅಂದರೆ ಎಲ್ಲರಿಗೂ ಅನ್ವಯಿಸುವ ನಿಯಮ ಮಾಡುವ ಕೆಲಸಕ್ಕೆ, ಸಹಜ ನ್ಯಾಯದ ಆಲಿಸುವಿಕೆ, ಅಂದರೆ ಬಾಧಿತರ ಮಾತನ್ನು ಮೊದಲು ಕೇಳಬೇಕೆಂಬ ತತ್ವ, ಅನ್ವಯಿಸದು, ಕಾಯ್ದೆಯೇ ಹಾಗೆ ಹೇಳಿದ್ದರೆ ಮಾತ್ರ ಅನ್ವಯಿಸುತ್ತದೆ ಎಂಬ ನಿಲುವು ತಳೆಯಿತು. ಆದುದರಿಂದ ಮೊದಲು ನೋಡಬೇಕಾದುದು ಆ ಉಪವಿಧಿಯನ್ನು ಯಾವ ಕಾಯ್ದೆಯ ಯಾವ ಕಲಮಿನ ಅಡಿಯಲ್ಲಿ ಮಾಡುತ್ತಿದ್ದಾರೆ ಎಂಬುದನ್ನು. ಕರಡಿನ ಪೀಠಿಕೆಯಲ್ಲಿ ಅದನ್ನು ಬರೆದೇ ಇರುತ್ತಾರೆ. ಆ ಕಲಮು ‘ಪೂರ್ವ ಪ್ರಕಟಣೆಯ ತರುವಾಯ’ ಎಂಬ ಷರತ್ತನ್ನು ಹಾಕಿದ್ದರೆ, ಆ ಮೂರು ಪದಗಳ ಹಿಂದೆ ಒಂದು ಇಡೀ ಕ್ರಮವಿದೆ ಎಂದು ತಿಳಿಯಿರಿ. 1897ರ ಕೇಂದ್ರ ಸಾಮಾನ್ಯ ಖಂಡಗಳ ಕಾಯ್ದೆಯ 23ನೇ ಕಲಮು ಆ ಕ್ರಮವನ್ನು ಬಿಡಿಸಿ ಹೇಳುತ್ತದೆ, ನಮ್ಮ ರಾಜ್ಯದ ಕಾಯ್ದೆಗಳಿಗೆ 1899ರದೊಂದು ಸಾಮಾನ್ಯ ಖಂಡಗಳ ಕಾಯ್ದೆ ಇದೆ. ಬಾಧಿತರಾಗಬಹುದಾದವರ ತಿಳಿವಳಿಕೆಗಾಗಿ ಕರಡನ್ನು ಪ್ರಕಟಿಸಬೇಕು. ಯಾವ ದಿನಾಂಕದಂದು ಅಥವಾ ಅದರ ನಂತರ ಅದನ್ನು ಪರಿಶೀಲನೆಗೆ ತೆಗೆದುಕೊಳ್ಳಲಾಗುವುದೆಂದು ಜೊತೆಗೇ ತಿಳಿಸಬೇಕು. ಆ ದಿನಾಂಕಕ್ಕೆ ಮುಂಚೆ ಬಂದ ಪ್ರತಿಯೊಂದು ಆಕ್ಷೇಪಣೆ, ಸಲಹೆಯನ್ನು ಪರಿಗಣಿಸಬೇಕು. ಇದೇ ಕಲಮಿನ ಕೊನೆಯ ಭಾಗವನ್ನು ನಿಮ್ಮ ಸಂಘದ ಹಿರಿಯರಿಗೆ ಓದಿ ಹೇಳಿ. ಪೂರ್ವ ಪ್ರಕಟಣೆಯ ನಂತರ ಮಾಡಿದ್ದೆಂದು ಹೇಳುವ ನಿಯಮವು ಅಂತಿಮವಾಗಿ ರಾಜ್ಯಪತ್ರದಲ್ಲಿ, ಅಂದರೆ ಸರ್ಕಾರದ ಗೆಜೆಟ್‌ನಲ್ಲಿ, ಅಚ್ಚಾಯಿತೆಂದರೆ, ಅದು ಕ್ರಮಬದ್ಧವಾಗಿ ಆಗಿದೆ ಎಂಬುದಕ್ಕೆ ಆ ಅಚ್ಚೇ ನಿರ್ಣಾಯಕ ಸಾಕ್ಷ್ಯವಾಗುತ್ತದೆ. ಅಂದರೆ ಈಗ ಸುಮ್ಮನಿದ್ದು ಆಮೇಲೆ ನ್ಯಾಯಾಲಯದ ಮೆಟ್ಟಿಲು ಹತ್ತುತ್ತೇವೆ ಎನ್ನುವವರಿಗೆ ಹಾದಿ ಬಹಳ ಕಡಿದಾಗುತ್ತದೆ.

ಪರಿಗಣಿಸುವುದೆಂದರೆ ಒಪ್ಪಿಕೊಳ್ಳುವುದಲ್ಲ. ನೂರು ಜನ ಬೇಡವೆಂದು ಬರೆದರೂ ಸಂಸ್ಥೆ ಮುಂದುವರಿಯಬಹುದು, ಇದು ಮತದಾನವಲ್ಲ. ಆದರೆ ಓದದೆ, ಸಭೆಯ ಮುಂದೆ ಇಡದೆ, ಮುಂದುವರಿಯುವಂತಿಲ್ಲ. ಈ ವ್ಯತ್ಯಾಸ ಸಣ್ಣದೆಂದು ಯಾರೂ ಭಾವಿಸಬಾರದು. ನಾನು ಕಿರಿಯ ಸಿಬ್ಬಂದಿಯಾಗಿದ್ದ ಒಂದು ಊರಿನಲ್ಲಿ ಕರಡಿಗೆ ಬಂದ ಆಕ್ಷೇಪಣೆಗಳು ಟಪಾಲು ವಿಭಾಗದ ಕಪಾಟಿನಲ್ಲಿಯೇ ಉಳಿದುಹೋಗಿ, ಸಾಮಾನ್ಯ ಸಭೆಯ ನಡವಳಿಯಲ್ಲಿ ‘ಯಾವುದೇ ಆಕ್ಷೇಪಣೆ ಸ್ವೀಕೃತವಾಗಿಲ್ಲ’ ಎಂಬ ಸಾಲು ದಾಖಲಾಯಿತು. ಆ ಸಾಲನ್ನು ಬರೆದವನು ನಾನೇ. ಪತ್ರ ಕೊಟ್ಟಿದ್ದವರ ಬಳಿ ಸ್ವೀಕೃತಿಯ ಮುದ್ರೆ ಇರಲಿಲ್ಲವಾದ್ದರಿಂದ ಅವರು ಮರುಮಾತಾಡುವಂತಿರಲಿಲ್ಲ. ಇಂದಿಗೂ ಅದು ನನ್ನ ಮನಸ್ಸಿನಲ್ಲಿ ಚುಚ್ಚುತ್ತದೆ, ಈ ಅಂಕಣ ಬರೆಯಲು ಒಪ್ಪಿಕೊಂಡ ಕಾರಣಗಳಲ್ಲಿ ಅದೂ ಒಂದು.

ಪ್ರಶ್ನೆ: ಕರಡು ಪೂರ್ತಿ ಇಂಗ್ಲಿಷಿನಲ್ಲಿದೆ. ಪತ್ರಿಕೆಯಲ್ಲಿ ಬಂದದ್ದು ನಾಲ್ಕು ಸಾಲಿನ ಜಾಹೀರಾತು, ‘ವಿವರಗಳಿಗೆ ಕಚೇರಿಯನ್ನು ಸಂಪರ್ಕಿಸಿ’ ಎಂದಷ್ಟೇ ಇತ್ತು. ನಮ್ಮ ಮಾರುಕಟ್ಟೆಯ ಹಮಾಲರಿಗೆ, ದಲಾಲರಿಗೆ ಇದು ತಿಳಿಯುವುದು ಹೇಗೆ? ಇಂಥ ಪ್ರಕಟಣೆ ಊರ್ಜಿತವೇ?
(ಹತ್ತಿ ವ್ಯಾಪಾರದ ದಲಾಲರು, ರಾಯಚೂರು)

ಉತ್ತರ: ಮಾರುಕಟ್ಟೆಯ ಹೆಸರನ್ನೆತ್ತಿದ್ದೀರಿ, ಆದ್ದರಿಂದ ಮಾರುಕಟ್ಟೆಯದೇ ಒಂದು ಪ್ರಕರಣವನ್ನು ಹೇಳುತ್ತೇನೆ. ಗುಜರಾತಿನ ಗೋಧ್ರಾದಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯು ಪರವಾನಗಿ ಇಲ್ಲದೆ ಶುಂಠಿ ವ್ಯಾಪಾರ ಮಾಡಿದರೆಂದು ಗೋವಿಂದಲಾಲ್ ಛಗನಲಾಲ್ ಪಟೇಲ್ ಎಂಬ ವರ್ತಕರ ಮೇಲೆ ಮೊಕದ್ದಮೆ ಹೂಡಿತು. ಶುಂಠಿಯನ್ನು ನಿಯಂತ್ರಿತ ಉತ್ಪನ್ನಗಳ ಪಟ್ಟಿಗೆ ಸೇರಿಸಿದ ಅಧಿಸೂಚನೆ ರಾಜ್ಯಪತ್ರದಲ್ಲಿ ಬಂದಿತ್ತು, ಆದರೆ ಕಾಯ್ದೆ ಹೇಳಿದಂತೆ ಆ ಪ್ರದೇಶದಲ್ಲಿ ಓಡಾಡುವ ಗುಜರಾತಿ ಪತ್ರಿಕೆಯಲ್ಲಿ ಬಂದಿರಲಿಲ್ಲ. 1975ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜನರ ಭಾಷೆಯ ಪತ್ರಿಕೆಯಲ್ಲಿ ಪ್ರಕಟಿಸುವುದು ಕಡ್ಡಾಯ, ಅದು ಆಗದಿದ್ದುದರಿಂದ ಅಧಿಸೂಚನೆಗೆ ಬಲವಿಲ್ಲ ಎಂದು ತೀರ್ಮಾನಿಸಿ ಆ ವರ್ತಕರನ್ನು ಬಿಡುಗಡೆ ಮಾಡಿತು. ರಾಜ್ಯಪತ್ರವನ್ನು ಹಳ್ಳಿಯವರು ಓದುವುದಿಲ್ಲ, ಊರಿನ ಪತ್ರಿಕೆ ಓದುತ್ತಾರೆ ಎಂಬ ಸರಳ ತಿಳಿವಳಿಕೆ ಆ ತೀರ್ಪಿನ ಬೇರಿನಲ್ಲಿದೆ.

ಇನ್ನೊಂದು ಪ್ರಕರಣವನ್ನೂ ಪಕ್ಕದಲ್ಲಿಟ್ಟು ಓದಬೇಕು, ಇಲ್ಲದಿದ್ದರೆ ನಿಮಗೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಉತ್ತರ ಪ್ರದೇಶದ ರಾಂಪುರ ಪುರಸಭೆ ನೀರಿನ ತೆರಿಗೆ ಹಾಕಲು ಹೊರಟಾಗ ಪ್ರಸ್ತಾವವನ್ನು ಹಿಂದಿ ಪತ್ರಿಕೆಯಲ್ಲಿ ಪ್ರಕಟಿಸಬೇಕಿತ್ತು. ಅದು ಉರ್ದು ಪತ್ರಿಕೆಯೊಂದರಲ್ಲಿ ಹಿಂದಿಯಲ್ಲಿ ಅಚ್ಚಾಯಿತು. ರಜಾ ಬುಲಂದ್ ಸಕ್ಕರೆ ಕಂಪನಿ ಇದನ್ನು ಪ್ರಶ್ನಿಸಿದಾಗ ಸರ್ವೋಚ್ಚ ನ್ಯಾಯಾಲಯವು ಬಹುಮತದಿಂದ, ಆಕ್ಷೇಪಣೆಗಾಗಿ ಪ್ರಕಟಿಸುವುದು ಕಡ್ಡಾಯ, ಪ್ರಕಟಿಸುವ ರೀತಿಯಲ್ಲಿ ಸಾರಭೂತವಾಗಿ ಪಾಲನೆಯಾಗಿದ್ದರೆ ಸಾಕು ಎಂದಿತು. ಊರಿನಲ್ಲಿ ಚೆನ್ನಾಗಿ ಓಡುತ್ತಿದ್ದ ಪತ್ರಿಕೆ, ಜನಕ್ಕೆ ತಿಳಿಯುವ ಭಾಷೆ, ಇವೆರಡೂ ಇದ್ದವಷ್ಟೆ. ಹೀಗೆ ಎರಡೂ ತೀರ್ಪುಗಳಲ್ಲಿ ನ್ಯಾಯಾಲಯ ಕೇಳಿದ್ದು ಜನಕ್ಕೆ ನಿಜವಾಗಿ ತಿಳಿಯಿತೇ ಎಂಬುದನ್ನೇ. ಇದಕ್ಕೂ ಹಿಂದೆ, 1951ರ ಹರ್ಲಾ ಪ್ರಕರಣದಲ್ಲಿ, ಜೈಪುರ ಸಂಸ್ಥಾನದ ಮಂತ್ರಿಮಂಡಲ ಠರಾವಿನಲ್ಲಿಯೇ ಮುಗಿಸಿ ಎಲ್ಲಿಯೂ ಪ್ರಕಟಿಸದಿದ್ದ ಅಫೀಮು ಕಾನೂನಿನ ಅಡಿಯಲ್ಲಿ ಶಿಕ್ಷೆ ಕೊಟ್ಟದ್ದನ್ನು ಅದೇ ನ್ಯಾಯಾಲಯ ರದ್ದುಪಡಿಸಿತ್ತು.

ನಿಮ್ಮ ಸಂದರ್ಭದಲ್ಲಿ ಈಗಲೇ ಮಾಡಬೇಕಾದ ಕೆಲಸವೆಂದರೆ, ಆಕ್ಷೇಪಣೆಯ ಮೊದಲ ಅಂಶವಾಗಿ ಕನ್ನಡ ಕರಡನ್ನೇ ಕೇಳುವುದು. 1963ರ ಕರ್ನಾಟಕ ರಾಜಭಾಷಾ ಕಾಯ್ದೆಯ ಪ್ರಕಾರ ಕನ್ನಡ ಈ ರಾಜ್ಯದ ಆಡಳಿತ ಭಾಷೆ. ಅದಲ್ಲದೆ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮಿನ 4ನೇ ಉಪಕಲಮು, ಪ್ರಕಟಿಸುವ ಮಾಹಿತಿಯನ್ನು ಸ್ಥಳೀಯ ಭಾಷೆಯನ್ನೂ ಆ ಪ್ರದೇಶದಲ್ಲಿ ಅತ್ಯಂತ ಪರಿಣಾಮಕಾರಿಯಾದ ವಿಧಾನವನ್ನೂ ಗಮನದಲ್ಲಿರಿಸಿಕೊಂಡು ಹರಡಬೇಕೆನ್ನುತ್ತದೆ. ಇವೆರಡನ್ನೂ ಉಲ್ಲೇಖಿಸಿ, ‘ಕನ್ನಡ ಪ್ರತಿಯನ್ನು ಪ್ರಕಟಿಸಿ ಆ ದಿನದಿಂದ ಅವಧಿಯನ್ನು ಹೊಸದಾಗಿ ಎಣಿಸಬೇಕು’ ಎಂದು ಬರೆಯಿರಿ. ಉತ್ತರಕ್ಕಾಗಿ ಕಾಯುತ್ತಾ ಮೂಲ ಅವಧಿಯನ್ನು ಮೀರಲು ಬಿಡಬೇಡಿ, ಉಳಿದ ಆಕ್ಷೇಪಣೆಗಳನ್ನೂ ಅದೇ ಪತ್ರದಲ್ಲಿ ಸೇರಿಸಿ. ನಮ್ಮ ಭಾಗದ ಅಧಿಕಾರಿಗಳಲ್ಲಿ ನನ್ನದೊಂದು ವಿನಂತಿಯೂ ಇದೆ. ರಾಯಚೂರು, ಬಳ್ಳಾರಿಗಳ ಪೇಟೆಯಲ್ಲಿ ತೆಲುಗು ಮತ್ತು ಉರ್ದು ಮಾತಾಡುವ ಎಷ್ಟೋ ಕುಟುಂಬಗಳಿವೆ. ಕಾನೂನು ಕಡ್ಡಾಯಪಡಿಸದಿದ್ದರೂ, ಕಸದ ಗಾಡಿಯ ಧ್ವನಿವರ್ಧಕದಲ್ಲಿ ಮೂರೂ ಭಾಷೆಗಳಲ್ಲಿ ಎರಡು ನಿಮಿಷ ಸಾರಿದರೆ ಕರಡಿನ ಸುದ್ದಿ ಪ್ರತಿ ಓಣಿಗೂ ಮುಟ್ಟುತ್ತದೆ.

ಪ್ರಶ್ನೆ: ಆಕ್ಷೇಪಣೆ ಬರೆಯುವುದು ಹೇಗೆ? ವಕೀಲರ ಮೂಲಕವೇ ಕಳುಹಿಸಬೇಕೇ?
(ನಿವೃತ್ತ ಶಿಕ್ಷಕರು, ಸಿಂಧನೂರು)

ಉತ್ತರ: ವಕೀಲರು ಬೇಕಿಲ್ಲ, ಯಾವ ನಮೂನೆಯೂ ಬೇಕಿಲ್ಲ. ಬಿಳಿ ಹಾಳೆಯ ಮೇಲೆ ಕೈಬರಹದಲ್ಲಿ ಕನ್ನಡದಲ್ಲಿ ಬರೆದರೆ ಸಾಕು. ಆದರೆ ಹೇಗೆ ಬರೆದಿರುವಿರಿ ಎಂಬುದರಿಂದ ಬಹಳ ವ್ಯತ್ಯಾಸವಾಗುತ್ತದೆ.

ಒಂದು ಪುರಸಭೆಯಲ್ಲಿ ನೀರಿನ ದರದ ಕರಡಿಗೆ ಹದಿನೇಳು ಪತ್ರ ಬಂದದ್ದು ನನಗೆ ನೆನಪಿದೆ. ಹದಿನಾರು ಪತ್ರಗಳು ಒಂದೇ ಬರಹದ ಜೆರಾಕ್ಸ್ ಪ್ರತಿಗಳು. ‘ಜನವಿರೋಧಿ ದರ ಏರಿಕೆಯನ್ನು ತೀವ್ರವಾಗಿ ಖಂಡಿಸುತ್ತೇವೆ’ ಎಂದು ಬರೆದು ಸಹಿ ಮಾಡಿದ್ದರು. ಹದಿನೇಳನೆಯದು ಹಿಟ್ಟಿನ ಗಿರಣಿ ನಡೆಸುವವರೊಬ್ಬರದು. ಅವರು ಕರಡಿನ ಒಂದು ಖಂಡವನ್ನು ಗುರುತಿಸಿ, ‘ವಾಣಿಜ್ಯ ಬಳಕೆ ಎಂಬುದಕ್ಕೆ ವ್ಯಾಖ್ಯೆ ಕೊಟ್ಟಿಲ್ಲ, ಆದ್ದರಿಂದ ಮನೆಯ ಪಡಸಾಲೆಯಲ್ಲಿ ಒಂದು ಹೊಲಿಗೆ ಯಂತ್ರ ಇಟ್ಟುಕೊಂಡ ವಿಧವೆಗೂ ನಲವತ್ತು ಕೋಣೆಯ ವಸತಿಗೃಹಕ್ಕೂ ಒಂದೇ ದರ ಬೀಳುತ್ತದೆ’ ಎಂದು ತೋರಿಸಿ, ವ್ಯಾಖ್ಯೆ ಹೇಗಿರಬೇಕೆಂದು ತಾವೇ ಎರಡು ಸಾಲು ಬರೆದುಕೊಟ್ಟಿದ್ದರು. ಸಭೆಯಲ್ಲಿ ಸದಸ್ಯರು ಅದನ್ನೇ ಹಿಡಿದು ಚರ್ಚಿಸಿದರು, ಖಂಡ ಬದಲಾಯಿತು. ಹದಿನಾರು ಜನರ ಸಿಟ್ಟೂ ನ್ಯಾಯವಾದದ್ದೇ ಆಗಿತ್ತು, ಆದರೆ ಕರಡನ್ನು ತಿದ್ದಲು ಕುಳಿತವನ ಕೈಗೆ ಅದರಿಂದ ಏನೂ ಸಿಗಲಿಲ್ಲ.

ಹಾಗಾಗಿ ಕರಡಿನ ಅಧಿಸೂಚನೆಯ ಸಂಖ್ಯೆ, ದಿನಾಂಕವನ್ನು ಮೇಲೆ ನಮೂದಿಸಿ. ನೀವು ಆ ನಿಯಮದಿಂದ ಹೇಗೆ ಬಾಧಿತರು ಎಂಬುದನ್ನು ಒಂದು ಸಾಲಿನಲ್ಲಿ ತಿಳಿಸಿ. ಅನಂತರ ಖಂಡದ ಸಂಖ್ಯೆ, ಅದರಲ್ಲಿನ ತೊಡಕು, ಆಗುವ ನಷ್ಟದ ಲೆಕ್ಕ, ಅದರ ಬದಲಿಗೆ ಇರಬೇಕಾದ ಪದಗಳು, ಈ ಕ್ರಮದಲ್ಲಿ ಒಂದೊಂದು ಖಂಡಕ್ಕೆ ಒಂದೊಂದು ಪರಿಚ್ಛೇದ ಬರೆಯಿರಿ. ಕರಡು ಮೂಲ ಕಾಯ್ದೆಯ ಮಿತಿಯನ್ನು ಮೀರಿದೆ ಎನಿಸಿದರೆ, ಉದಾಹರಣೆಗೆ ಕಾಯ್ದೆ ಅನುಮತಿಸಿದ್ದಕ್ಕಿಂತ ಹೆಚ್ಚಿನ ದಂಡ ಹಾಕಿದ್ದರೆ, ಅದನ್ನು ಮೊದಲು ಬರೆಯಿರಿ, ಏಕೆಂದರೆ ಕಾಯ್ದೆಗೆ ವಿರುದ್ಧವಾದ ಉಪವಿಧಿ ನಿಲ್ಲುವುದಿಲ್ಲ ಎಂಬುದು ಎಲ್ಲ ಅಧಿಕಾರಿಗಳಿಗೂ ಗೊತ್ತು. ‘ನನ್ನನ್ನು ಖುದ್ದಾಗಿ ಆಲಿಸಬೇಕು’ ಎಂಬ ಕೋರಿಕೆಯನ್ನೂ ಸೇರಿಸಿ, ಕೊಡಲೇಬೇಕೆಂಬ ಕಟ್ಟುಪಾಡು ಎಲ್ಲ ಕಡೆ ಇಲ್ಲದಿದ್ದರೂ ಕೇಳಿದವರಿಗೆ ಅವಕಾಶ ಸಿಕ್ಕ ಉದಾಹರಣೆಗಳಿವೆ.

ಎರಡು ಪ್ರತಿ ಮಾಡಿ, ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು ಇನ್ನೊಂದರ ಮೇಲೆ ಮುದ್ರೆ, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ದೂರದವರು ಸ್ವೀಕೃತಿಯೊಂದಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಬಹುದು. ಪೌರಸಭೆಗಳ ಉಪವಿಧಿಗಳಿಗೆ ಸರ್ಕಾರದ ಮಂಜೂರಾತಿಯ ಹಂತವೂ ಇರುವುದರಿಂದ ಒಂದು ಪ್ರತಿಯನ್ನು ಪೌರಾಡಳಿತ ನಿರ್ದೇಶನಾಲಯಕ್ಕೂ, ಇನ್ನೊಂದನ್ನು ಜಿಲ್ಲಾಧಿಕಾರಿಗಳ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೂ ಕಳುಹಿಸುವುದು ಒಳ್ಳೆಯದು. ನಿಮ್ಮ ವಾರ್ಡಿನ ಸದಸ್ಯರಿಗೆ ಪ್ರತಿ ಕೊಡುವುದನ್ನು ಮಾತ್ರ ಎಂದೂ ಮರೆಯಬೇಡಿ. ಸಾಮಾನ್ಯ ಸಭೆಯಲ್ಲಿ ಎದ್ದು ಕೇಳುವ ಹಕ್ಕು ಅವರಿಗಿದೆ.

ಪ್ರಶ್ನೆ: ನಮ್ಮ ತಾಯಿ ಮೂವತ್ತು ವರ್ಷದಿಂದ ರಸ್ತೆ ಬದಿಯಲ್ಲಿ ಹಣ್ಣು ಮಾರುತ್ತಾರೆ. ಈ ರಸ್ತೆಯನ್ನು ‘ವ್ಯಾಪಾರ ನಿಷೇಧಿತ ವಲಯ’ ಮಾಡುತ್ತಾರಂತೆ. ನಮ್ಮನ್ನು ಯಾರೂ ಕೇಳಲಿಲ್ಲ.
(ಪದವಿ ವಿದ್ಯಾರ್ಥಿನಿ, ಗಂಗಾವತಿ)

ಉತ್ತರ: ನಿಮ್ಮ ತಾಯಿಯವರ ವಿಷಯದಲ್ಲಿ ಕಾನೂನು ಸಾಮಾನ್ಯ ನಾಗರಿಕರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯು ಕೇಳಬೇಕಾದವರನ್ನು ನಿಯಮ ಮಾಡುವ ಮೇಜಿನ ಸುತ್ತಲೇ ಕೂರಿಸಿದೆ. ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರ ಅಧ್ಯಕ್ಷತೆ ಪೌರಾಯುಕ್ತರದು ಅಥವಾ ಮುಖ್ಯಾಧಿಕಾರಿಯದು. ಅದರ ಸದಸ್ಯರಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಷ್ಟು ಜನ ಬೀದಿ ವ್ಯಾಪಾರಿಗಳೇ, ಅದೂ ವ್ಯಾಪಾರಿಗಳು ತಾವೇ ಚುನಾಯಿಸಿದವರು. ಆ ಪ್ರತಿನಿಧಿಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು, ಸಮೀಕ್ಷೆ ಮುಗಿದು ವ್ಯಾಪಾರ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ.

ಆದ್ದರಿಂದ ಪೌರಾಯುಕ್ತರಿಗೆ ಬರೆಯುವ ಪತ್ರದಲ್ಲಿ ಮೂರು ಪ್ರಶ್ನೆ ಕೇಳಿ: ನಮ್ಮ ಊರಿನ ಸಮಿತಿಯ ಸದಸ್ಯರು ಯಾರು, ಈ ರಸ್ತೆಯ ಕುರಿತು ಸಮಿತಿ ಯಾವ ದಿನಾಂಕದ ಸಭೆಯಲ್ಲಿ ಚರ್ಚಿಸಿತು, ಆ ನಡವಳಿಯ ಪ್ರತಿ ಎಲ್ಲಿ. ಸಮೀಕ್ಷೆಯಲ್ಲಿ ತಾಯಿಯವರ ಹೆಸರು ಇದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ, ಇಲ್ಲದಿದ್ದರೆ ಸೇರಿಸಲು ಇಂದೇ ಅರ್ಜಿ ಕೊಡಿ. ಅವರ ಹಳೆಯ ಸಂತೆ ಕರದ ಚೀಟಿಗಳೇನಾದರೂ ಮನೆಯಲ್ಲಿದ್ದರೆ ಜೋಪಾನ ಮಾಡಿ, ಮೂವತ್ತು ವರ್ಷದ ದುಡಿಮೆಗೆ ಅವೇ ಸಾಕ್ಷಿ.

ಪ್ರಶ್ನೆ: 2020ರಲ್ಲಿ ಜಿಲ್ಲೆ ವಿಭಜನೆಯ ಕರಡು ಅಧಿಸೂಚನೆಗೆ ನಾನು ಆಕ್ಷೇಪಣೆ ಬರೆದಿದ್ದೆ. ಕೊನೆಗೆ ವಿಜಯನಗರ ಜಿಲ್ಲೆ ಆಗಿಯೇ ಆಯಿತು. ನನ್ನ ಪತ್ರಕ್ಕೆ ಉತ್ತರವೂ ಬರಲಿಲ್ಲ. ಮತ್ತೆ ಏಕೆ ಬರೆಯಬೇಕು?
(ಕೃಷಿಕರು, ಸಿರುಗುಪ್ಪ ತಾಲ್ಲೂಕು)

ಉತ್ತರ: ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಭೂಕಂದಾಯ ಕಾಯ್ದೆಯ ಪ್ರಕಾರ 2020ರ ಡಿಸೆಂಬರಿನಲ್ಲಿ ಕರಡು ಹೊರಡಿಸಿ ಮೂವತ್ತು ದಿನಗಳ ಕಾಲಾವಕಾಶ ಕೊಟ್ಟರು, 2021ರ ಫೆಬ್ರವರಿಯಲ್ಲಿ ಅಂತಿಮ ಅಧಿಸೂಚನೆ ಬಂದು ಹೊಸಪೇಟೆ ಕೇಂದ್ರವಾಗಿ ಹೊಸ ಜಿಲ್ಲೆಯಾಯಿತು. ಹೊಸಪೇಟೆ, ಹಡಗಲಿ, ಹರಪನಹಳ್ಳಿಗಳ ಕಡೆಯವರಿಗೆ ಜಿಲ್ಲಾ ಕೇಂದ್ರ ಹತ್ತಿರವಾಯಿತೆಂಬ ಸಂತೋಷ, ಬಳ್ಳಾರಿಯ ಕಡೆಯವರಿಗೆ ಹಳೆಯ ಜಿಲ್ಲೆ ಎರಡಾಯಿತೆಂಬ ಸಂಕಟ. ಇಂಥ ದೊಡ್ಡ ರಾಜಕೀಯ ತೀರ್ಮಾನಗಳಲ್ಲಿ ಸಚಿವ ಸಂಪುಟ ಮೊದಲೇ ಮನಸ್ಸು ಮಾಡಿರುತ್ತದೆ, ಆಕ್ಷೇಪಣೆಯ ಹಂತ ಅದನ್ನು ತಿರುಗಿಸುವುದು ಅಪರೂಪ. ನೀವು ಕೈಚೆಲ್ಲಬಾರದೆಂದು ನಾನು ಹೇಳುವುದು ಊರಿನ ಉಪವಿಧಿ, ದರಪಟ್ಟಿ, ಬಡಾವಣೆ ನಕ್ಷೆಗಳ ವಿಷಯದಲ್ಲಿ. ಅಲ್ಲಿ ತೀರ್ಮಾನಿಸುವವರು ನಿಮ್ಮ ಊರಿನಲ್ಲೇ ಇರುತ್ತಾರೆ, ತಪ್ಪುಗಳು ಹೆಚ್ಚಾಗಿ ದುರುದ್ದೇಶದಿಂದಲ್ಲದೆ ತಿಳಿಯದೆ ಆಗಿರುತ್ತವೆ, ಬೇರೆ ಊರಿನ ಕರಡನ್ನು ಹೆಸರು ಬದಲಿಸಿ ನಕಲು ಮಾಡಿದಾಗ ನಮ್ಮ ಊರಿಗೆ ಹೊಂದದ ಖಂಡಗಳು ಹಾಗೆಯೇ ಉಳಿದಿರುತ್ತವೆ. ಅವನ್ನು ಸ್ಥಳೀಯರಲ್ಲದೆ ಬೇರಾರೂ ಗುರುತಿಸಲಾರರು.

ಉತ್ತರ ಬರಲಿಲ್ಲವೆಂಬ ನಿಮ್ಮ ದೂರು ಪೂರ್ತಿ ನ್ಯಾಯವಾದದ್ದು. ಬಂದ ಪ್ರತಿಯೊಂದು ಅಭಿಪ್ರಾಯಕ್ಕೂ ಕಾರಣ ಸಹಿತ ಉತ್ತರ ಪ್ರಕಟಿಸಬೇಕೆಂಬ ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಅಮೆರಿಕದಲ್ಲಿ 1946ರ ಕಾಯ್ದೆಯೊಂದು, ನಿಯಮ ಮಾಡುವ ಮುನ್ನ ಜನರ ಅಭಿಪ್ರಾಯ ಪಡೆದು, ಅಂತಿಮ ನಿಯಮದ ಜೊತೆ ಅದರ ಆಧಾರವನ್ನೂ ಉದ್ದೇಶವನ್ನೂ ಸಂಕ್ಷಿಪ್ತವಾಗಿ ತಿಳಿಸಬೇಕೆನ್ನುತ್ತದೆ. ಮೊಬೈಲ್ ಕರೆ ಕಡಿತದ ನಿಯಮವನ್ನು 2016ರಲ್ಲಿ ರದ್ದುಪಡಿಸುವಾಗ ಸರ್ವೋಚ್ಚ ನ್ಯಾಯಾಲಯವು ನಮ್ಮ ಸಂಸತ್ತೂ ಇಂಥ ಕಾನೂನನ್ನು ಮಾಡುವುದು ಒಳ್ಳೆಯದೆಂದು ಸೂಚಿಸಿತು. ಕೇಂದ್ರ ಸರ್ಕಾರವು 2014ರಲ್ಲಿ ತನ್ನ ಸಚಿವಾಲಯಗಳಿಗಾಗಿ ಪೂರ್ವ ಸಮಾಲೋಚನಾ ನೀತಿಯನ್ನು ಒಪ್ಪಿ, ಕರಡುಗಳನ್ನು ಕನಿಷ್ಠ 30 ದಿನ ಜನರ ಮುಂದೆ ಇಡಬೇಕೆಂದಿತು. ಅದು ನೀತಿಯಷ್ಟೇ, ನಮ್ಮ ನಗರಸಭೆಗಳನ್ನು ಕಟ್ಟಿಹಾಕುವುದಿಲ್ಲ. ಕಾನೂನು ಬರುವವರೆಗೂ ಕಾಯಬೇಕಾಗಿಲ್ಲ ಎಂಬುದು ನನ್ನ ನಂಬಿಕೆ. ಯಾವ ಸಲಹೆ ಒಪ್ಪಿದೆವು, ಯಾವುದನ್ನು ಏಕೆ ಬಿಟ್ಟೆವು ಎಂದು ಒಂದು ಪುಟದ ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಲು ಯಾವ ಸರ್ಕಾರಿ ಆದೇಶವೂ ಬೇಡ.

ಪ್ರಶ್ನೆ: ಗ್ರಾಮ ಪಂಚಾಯಿತಿಯವರು ನಲ್ಲಿ ನೀರಿನ ಕರ ಏರಿಸಲು ಹೊರಟಿದ್ದಾರೆ. ನಮಗೂ ಇಂಥ ಅವಕಾಶ ಇದೆಯೇ?
(ಸ್ವಸಹಾಯ ಸಂಘದ ಸದಸ್ಯೆ, ಕುಷ್ಟಗಿ ತಾಲ್ಲೂಕು)

ಉತ್ತರ: ನಿಮಗಿರುವ ಅವಕಾಶ ಪಟ್ಟಣದವರಿಗಿಂತ ದೊಡ್ಡದು, ಏಕೆಂದರೆ ನೀವು ಪತ್ರ ಬರೆಯುವುದಷ್ಟೇ ಅಲ್ಲದೆ ಸಭೆಯಲ್ಲಿ ಎದ್ದು ನಿಂತು ಮಾತಾಡಬಹುದು. 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ವಾರ್ಡ್ ಸಭೆ, ಗ್ರಾಮ ಸಭೆಗಳು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಪಂಚಾಯಿತಿ ವಿಧಿಸುವ ತೆರಿಗೆ, ಕರಗಳಿಗೆ ಕಾಯ್ದೆಯ ನಾಲ್ಕನೇ ಅನುಸೂಚಿಯ ಚೌಕಟ್ಟಿದೆ, ಅದನ್ನು ಪಿಡಿಒ ಅವರಿಂದ ಕೇಳಿ ಪಡೆದು ಓದಿ. ಸಭೆಗೆ ಮುಂಚೆಯೇ ‘ನೀರಿನ ಕರದ ಪ್ರಸ್ತಾವವನ್ನು ಆದಾಯ-ಖರ್ಚಿನ ಲೆಕ್ಕದೊಂದಿಗೆ ಗ್ರಾಮ ಸಭೆಯ ಮುಂದೆ ಇಡಬೇಕು’ ಎಂದು ಸಂಘದ ಪರವಾಗಿ ಲಿಖಿತ ಅರ್ಜಿ ಕೊಡಿ. ಮೋಟಾರು ದುರಸ್ತಿ, ವಿದ್ಯುತ್ ಬಿಲ್ಲು, ನೀರುಗಂಟಿಯ ಸಂಬಳ ಸೇರಿ ವರ್ಷಕ್ಕೆ ಎಷ್ಟು ಖರ್ಚು, ಬಾಕಿ ಎಷ್ಟು ಎಂಬುದು ಹೊರಬಂದರೆ ಏರಿಕೆ ಎಷ್ಟು ಸರಿ ಎಂದು ನೀವೇ ಹೇಳಬಲ್ಲಿರಿ. ಮಾತಾಡಿದ್ದು ನಡವಳಿಯಲ್ಲಿ ಬರಲಿ, ಸಹಿ ಮಾಡುವ ಮುನ್ನ ಓದಿ ಹೇಳುವಂತೆ ಕೇಳಿ. ಖಾಲಿ ಪುಟಕ್ಕೆ ಹೆಬ್ಬೆಟ್ಟು ಒತ್ತಬೇಡಿರೆಂದು ಸಂಘದ ಹಿರಿಯ ಅಕ್ಕಂದಿರಿಗೆಲ್ಲ ತಿಳಿಸಿ.

ಪ್ರಶ್ನೆ: ಊರ ಹತ್ತಿರ ಕಾರ್ಖಾನೆ ವಿಸ್ತರಣೆಗೆ ‘ಸಾರ್ವಜನಿಕ ಅಹವಾಲು ಸಭೆ’ ನಡೆಯಲಿದೆ. ಇದೂ ಇದೇ ಬಗೆಯದೇ?
(ಓದುಗರು, ಕೊಪ್ಪಳ)

ಉತ್ತರ: ಹೋಲಿಕೆಯಿದೆ, ಆದರೆ ಮೂಲ ಬೇರೆ. ಅದು ನಿಯಮ ರಚನೆಯಲ್ಲ, ಒಂದು ಯೋಜನೆಗೆ ಪರಿಸರ ಅನುಮತಿ ಕೊಡುವ ಮುನ್ನ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ನಡೆಯುವ ಸಭೆ. ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ಸಿಗಬೇಕು, ಸಭೆಯನ್ನು ಯೋಜನಾ ಸ್ಥಳದಲ್ಲಿ ಅಥವಾ ಅದರ ಸಮೀಪದಲ್ಲಿ ಜಿಲ್ಲಾಧಿಕಾರಿಗಳ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆಯಲ್ಲಿ ನಡೆಸಿ ಪೂರ್ತಿಯಾಗಿ ವಿಡಿಯೊ ಚಿತ್ರೀಕರಿಸಬೇಕು. ಮಾತಿನ ಜೊತೆ ಲಿಖಿತ ಹೇಳಿಕೆಯನ್ನೂ ಕೊಡಿ, ಕೊನೆಯಲ್ಲಿ ನಡವಳಿಯ ಸಾರಾಂಶವನ್ನು ಕನ್ನಡದಲ್ಲಿ ಓದಿ ಹೇಳುವವರೆಗೆ ಅಲ್ಲಿಂದ ಎದ್ದು ಬರಬೇಡಿ.

ಪ್ರಶ್ನೆ: ನಮ್ಮ ಬಡಾವಣೆಯ ಉದ್ಯಾನದ ಪಕ್ಕದ ಜಾಗವನ್ನು ವಾಣಿಜ್ಯ ಬಳಕೆಗೆ ಬದಲಿಸುವ ಪ್ರಕಟಣೆ ಬಂದಿದೆ. ಸಮಯ ಎಷ್ಟು?
(ಗೃಹಿಣಿ, ಬಳ್ಳಾರಿ)

ಉತ್ತರ: ಬಹಳ ಕಡಿಮೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಇಡೀ ಊರಿನ ಮಹಾಯೋಜನೆಗೆ ಆಕ್ಷೇಪಣೆ ಸಲ್ಲಿಸಲು 60 ದಿನಗಳ ಅವಕಾಶವಿದೆ, ಆದರೆ 14-ಎ ಕಲಮಿನ ಅಡಿಯಲ್ಲಿ ಒಂದು ಜಾಗದ ಭೂ ಬಳಕೆ ಬದಲಾವಣೆಗೆ ಪತ್ರಿಕಾ ಪ್ರಕಟಣೆಯ ದಿನದಿಂದ ಕನಿಷ್ಠ 15 ದಿನ ಕೊಟ್ಟರೆ ಸಾಕು. ಬದಲಾವಣೆ ಸಾರ್ವಜನಿಕ ಹಿತಕ್ಕೆ ಪೂರಕವಾಗಿರಬೇಕೆಂಬುದು ಆ ಕಲಮಿನದೇ ಷರತ್ತು, ನಿಮ್ಮ ಪತ್ರ ಆ ಷರತ್ತನ್ನೇ ಹಿಡಿದು ನಿಲ್ಲಲಿ. ಇನ್ನು ಮುಂದೆ ಇಂಥ ಸುದ್ದಿ ತಪ್ಪದಿರಲು ಇ-ರಾಜ್ಯಪತ್ರವನ್ನೂ ನಗರಾಭಿವೃದ್ಧಿ ಪ್ರಾಧಿಕಾರದ ಸೂಚನಾ ಫಲಕವನ್ನೂ ವಾರಕ್ಕೊಮ್ಮೆ ನೋಡುವ ಹೊಣೆಯನ್ನು ಬಡಾವಣೆಯ ಒಬ್ಬಿಬ್ಬರು ಹೊತ್ತುಕೊಳ್ಳಲಿ. ಸಂವಿಧಾನದ 243-ಎಸ್ ವಿಧಿಯು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆನ್ನುತ್ತದೆ. 2011ರ ಜನಗಣತಿಯಲ್ಲೇ ನಾಲ್ಕು ಲಕ್ಷ ದಾಟಿದ ಬಳ್ಳಾರಿಯಲ್ಲಿ ಅವುಗಳಿಗಾಗಿ ಒತ್ತಾಯಿಸುವ ಹಕ್ಕು ನಿಮಗಿದೆ.

ಪ್ರಶ್ನೆ: ಅವಧಿಯೊಳಗೆ ಪತ್ರ ಕೊಟ್ಟು ಆರು ತಿಂಗಳಾಯಿತು. ಅದು ಏನಾಯಿತೆಂದು ತಿಳಿಯುವುದು ಹೇಗೆ?
(ಔಷಧಿ ಅಂಗಡಿಯವರು, ಮಾನ್ವಿ)

ಉತ್ತರ: ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ, 30 ದಿನಗಳೊಳಗೆ ಉತ್ತರ ಕೊಡಬೇಕು. ‘ನನ್ನ ಪತ್ರದ ಮೇಲೆ ಏನು ಕ್ರಮ ಕೈಗೊಂಡಿರಿ’ ಎಂದು ಕೇಳಿದರೆ ‘ಪರಿಶೀಲನೆಯಲ್ಲಿದೆ’ ಎಂಬ ಹಿಂಬರಹ ಬರುತ್ತದೆ. ಆದ್ದರಿಂದ ದಾಖಲೆಗಳನ್ನೇ ಕೇಳಿ: ಕರಡಿಗೆ ಬಂದ ಎಲ್ಲ ಆಕ್ಷೇಪಣೆಗಳ ಪಟ್ಟಿ, ಅವುಗಳನ್ನು ಮಂಡಿಸಿದ ಕಡತದ ಟಿಪ್ಪಣಿ ಹಾಳೆಗಳು, ಸಾಮಾನ್ಯ ಸಭೆಯ ಠರಾವಿನ ಪ್ರತಿ, ಸರ್ಕಾರಕ್ಕೆ ಮಂಜೂರಾತಿ ಕೋರಿ ಬರೆದ ಪತ್ರ. ಇದೇ ಕಾಯ್ದೆಯ 4ನೇ ಕಲಮು, ನೀತಿ ರೂಪಿಸುವಾಗ ಸಾರ್ವಜನಿಕರೊಂದಿಗೆ ಸಮಾಲೋಚಿಸುವ ಏರ್ಪಾಡುಗಳ ವಿವರವನ್ನು ಪ್ರತಿ ಕಚೇರಿಯೂ ತಾನಾಗಿಯೇ ಪ್ರಕಟಿಸಬೇಕೆಂದೂ, ತನ್ನ ಆಡಳಿತಾತ್ಮಕ ತೀರ್ಮಾನಗಳಿಗೆ ಕಾರಣಗಳನ್ನು ಬಾಧಿತರಿಗೆ ತಿಳಿಸಬೇಕೆಂದೂ ಹೇಳುತ್ತದೆ, ಅದನ್ನು ಅರ್ಜಿಯಲ್ಲಿ ನೆನಪಿಸಿ. ಉಪವಿಧಿ ಇನ್ನೂ ಅಂತಿಮವಾಗಿ ರಾಜ್ಯಪತ್ರದಲ್ಲಿ ಬಂದಿಲ್ಲವಾದರೆ, ನಿಮ್ಮ ಬಳಿ ಇರುವ ಮುದ್ರೆ ಬಿದ್ದ ಪ್ರತಿಯ ಜೆರಾಕ್ಸ್ ಇಟ್ಟು ಪೌರಾಡಳಿತ ನಿರ್ದೇಶನಾಲಯಕ್ಕೆ ಈ ವಾರವೇ ಒಂದು ಪತ್ರ ಬರೆಯಿರಿ.